ಬೆಲ್ಲದ ನೀರಿನ ಪಾಠ: ಬಾಂಗ್ಲಾದೇಶದ ಒಂದು ಪ್ರಯೋಗದ ವಿಮರ್ಶೆ

ಬಡ ದೇಶಗಳ ಜನರಿಗೆ ಆರೋಗ್ಯದ ತಿಳಿವಳಿಕೆಯನ್ನು ತಲುಪಿಸಬೇಕೆಂಬ ಮಾತು ಬಂದಾಗಲೆಲ್ಲ ನಾವು ಮೊದಲು ನೆನೆಯುವುದು ಮುದ್ರಣಾಲಯವನ್ನು. ಕರಪತ್ರ ಅಚ್ಚಾಗಬೇಕು, ಪುಸ್ತಿಕೆ ಹಂಚಬೇಕು; ಹಂಚಿದ ಪ್ರತಿಗಳ ಸಂಖ್ಯೆಯೇ ವಾರ್ಷಿಕ ವರದಿಯಲ್ಲಿ ಸಾಧನೆಯೆಂದು ನಮೂದಾಗುತ್ತದೆ. ವ್ಯಾಪಾರದಲ್ಲಿ ಆಯುಷ್ಯ ಕಳೆದ ನನ್ನಂಥವನಿಗೆ ಈ ಲೆಕ್ಕ ಒಪ್ಪಿಗೆಯಾಗುವುದಿಲ್ಲ. ಗೋದಾಮಿನಿಂದ ಹೊರಟ ಸರಕೆಲ್ಲ ಮಾರಾಟವಾಯಿತೆಂದು ಬರೆಯುವ ಗುಮಾಸ್ತನನ್ನು ಯಾವ ಅಂಗಡಿಯವನೂ ಇಟ್ಟುಕೊಳ್ಳನು. ಈ ದೃಷ್ಟಿಯಿಂದ, 1980ರಿಂದ 1990ರವರೆಗೆ ಬಾಂಗ್ಲಾದೇಶದಲ್ಲಿ ಬ್ರಾಕ್ ಸಂಸ್ಥೆ ನಡೆಸಿದ ಅತಿಸಾರ ಚಿಕಿತ್ಸೆಯ ಬೋಧನಾಕಾರ್ಯ ವಿಮರ್ಶೆಗೆ ಯೋಗ್ಯವಾದುದು. ಮುಷ್ತಾಕ್ ಚೌಧುರಿ ಮತ್ತು ರಿಚರ್ಡ್ ಕ್ಯಾಶ್ ಅವರು ಅದರ ವೃತ್ತಾಂತವನ್ನು 1996ರಲ್ಲಿ ‘ಎ ಸಿಂಪಲ್ ಸೊಲ್ಯೂಷನ್’ ಎಂಬ ಗ್ರಂಥವಾಗಿ ಪ್ರಕಟಿಸಿದರು. ‘ಸೊಲ್ಯೂಷನ್’ ಎಂಬ ಪದಕ್ಕೆ ದ್ರಾವಣವೆಂದೂ ಪರಿಹಾರವೆಂದೂ ಎರಡು ಅರ್ಥಗಳುಂಟು. ದ್ರಾವಣ ಸರಳವಾಗಿತ್ತೆಂಬುದನ್ನು ಒಪ್ಪೋಣ. ಪರಿಹಾರವೂ ಸರಳವಾಗಿತ್ತೆಂಬುದನ್ನು ಮಾತ್ರ ನಾನು ಒಪ್ಪಲಾರೆ.

ಅತಿಸಾರದಲ್ಲಿ ಮಗು ಸಾಯುವುದು ಬಹುಮಟ್ಟಿಗೆ ದೇಹದ ನೀರೂ ಲವಣವೂ ಬರಿದಾಗುವುದರಿಂದ. ಸಕ್ಕರೆಯೂ ಉಪ್ಪೂ ತಕ್ಕ ಪ್ರಮಾಣದಲ್ಲಿ ಕೂಡಿದ ನೀರನ್ನು ಕುಡಿಸಿದರೆ ಕರುಳು ಅದನ್ನು ಹೀರಿಕೊಳ್ಳುತ್ತದೆ. ಇದನ್ನು 1968ರಲ್ಲಿ ಢಾಕಾದ ಕಾಲರಾ ಸಂಶೋಧನಾಲಯದಲ್ಲಿ ಡೇವಿಡ್ ನಾಲಿನ್ ಮತ್ತು ಇದೇ ಕ್ಯಾಶ್ ರೋಗಿಗಳಲ್ಲಿ ಪರೀಕ್ಷಿಸಿ ತೋರಿಸಿದರು. 1971ರಲ್ಲಿ ಪಶ್ಚಿಮ ಬಂಗಾಳದ ಬನಗಾಂವ್ ನಿರಾಶ್ರಿತ ಶಿಬಿರದಲ್ಲಿ ಡಾ. ದಿಲೀಪ್ ಮಹಲನಬೀಸ್ ಅವರು ಡ್ರಿಪ್ಪಿನ ಬಾಟಲಿಗಳು ಸಾಲದೆ ಈ ನೀರನ್ನೇ ನೆಚ್ಚಿದಾಗ, ನೂರಕ್ಕೆ ಮೂವತ್ತರಷ್ಟಿದ್ದ ಸಾವು ನಾಲ್ಕಕ್ಕಿಂತಲೂ ಕೆಳಗಿಳಿಯಿತು. ವೈದ್ಯಲೋಕಕ್ಕೆ ವಿಷಯ ತಿಳಿದದ್ದು ಹೀಗೆ. ಆದರೆ ವೈದ್ಯಲೋಕಕ್ಕೆ ತಿಳಿದದ್ದು, ವೈದ್ಯನೂ ಇಲ್ಲದ ಅಕ್ಷರವೂ ಇಲ್ಲದ ಊರಿನ ತಾಯಿಗೆ ತಿಳಿಯುವುದು ಹೇಗೆ?

ಬ್ರಾಕ್ ಸಂಸ್ಥಾಪಕ ಫಜಲೆ ಹಸನ್ ಅಬೇದ್ ಅವರು ವೃತ್ತಿಯಲ್ಲಿ ಲೆಕ್ಕಪತ್ರ ತಜ್ಞರು, ಲಂಡನ್ನಿನಲ್ಲಿ ಕಲಿತವರು ಎಂಬುದು ಇಲ್ಲಿ ಅಪ್ರಸ್ತುತವಲ್ಲ. ಯುವತಿಯರ ತಂಡಗಳು ಕಾಲ್ನಡಿಗೆಯಲ್ಲಿ ಮನೆಮನೆಗೆ ಹೋದವು. ಪ್ರತಿ ತಂಡದೊಡನೆ ಒಬ್ಬ ಅಡುಗೆಯವರು, ಒಬ್ಬ ಪುರುಷ ಮೇಲ್ವಿಚಾರಕ. ಪಾಠವಾದರೋ ಮೂರು ಬೆರಳ ಚಿಟಿಕೆ ಉಪ್ಪು, ಒಂದು ಹಿಡಿ ಬೆಲ್ಲ, ಅರ್ಧ ಸೇರು ನೀರು. ಕಾರ್ಯಕರ್ತೆ ತಾನೇ ಬೆರೆಸಿ ತೋರಿಸಿ ಎದ್ದು ಬರುವಂತಿರಲಿಲ್ಲ. ತಾಯಿಯೇ ತನ್ನ ಪಾತ್ರೆಯಲ್ಲಿ ತನ್ನ ಕೈಯಿಂದ ಬೆರೆಸಬೇಕು. ಉಪ್ಪು ಹೆಚ್ಚಾದರೆ ಅಪಾಯವಾದುದರಿಂದ ತಾಯಂದಿರು ಮಾಡಿದ ದ್ರಾವಣದ ಮಾದರಿಗಳನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಲಾಯಿತು. ನೆನಪಿಡಬೇಕಾದ ಅಂಶಗಳನ್ನು ಹತ್ತರಿಂದ ಏಳಕ್ಕೆ ಇಳಿಸಿ ಬೆರಳೆಣಿಕೆಯಿಂದ ಕಲಿಸಿದರು.

ಎಲ್ಲಕ್ಕೂ ಮಿಗಿಲಾದುದು ವೇತನದ ಕ್ರಮ. ಎಷ್ಟು ಮನೆಗೆ ಹೋದೆ ಎಂದು ಯಾರೂ ಕೇಳಲಿಲ್ಲ. ಕೆಲವು ವಾರಗಳ ತರುವಾಯ ಬೇರೊಬ್ಬರು ಬಂದು, ಆಯ್ದ ಕೆಲವು ತಾಯಂದಿರನ್ನು ಪ್ರಶ್ನಿಸಿ, ಅವರಿಗೆ ಎಷ್ಟು ನೆನಪಿದೆಯೆಂದು ನೋಡಿ ಶ್ರೇಣಿ ಕೊಡುತ್ತಿದ್ದರು. ಆ ಶ್ರೇಣಿಗೆ ತಕ್ಕಂತೆ ಕಲಿಸಿದವಳಿಗೆ ಹಣ. ಬೋಧಕನ ಸಂಬಳವನ್ನು ಶಿಷ್ಯನ ಸ್ಮೃತಿಗೆ ಗಂಟು ಹಾಕುವ ಈ ಧೈರ್ಯ ನಮ್ಮ ವಿಶ್ವವಿದ್ಯಾಲಯಗಳಿಗೂ ಬಂದಿಲ್ಲ. ಬಂದರೆ ಏನಾದೀತೆಂದು ಊಹಿಸಿ ನಗು ಬರುತ್ತದೆ.

ಆದಾಗ್ಯೂ ದೋಷ ಹುಟ್ಟಿಕೊಂಡದ್ದು ಇದೇ ಗುಣದ ಒಡಲಿನಲ್ಲಿ. ತಾಯಂದಿರು ಪಾಠವನ್ನು ಚೆನ್ನಾಗಿ ಒಪ್ಪಿಸಿದರು. ಮಗುವಿಗೆ ಭೇದಿಯಾದಾಗ ಬಳಸಿದವರು ಮಾತ್ರ ಆರಂಭದಲ್ಲಿ ತೀರ ಕಡಿಮೆ. ವಿಚಾರಿಸಿದಾಗ ತಿಳಿದದ್ದೇನು? ನಗರದವರು ‘ಡಾಯರಿಯಾ’ ಎಂಬ ಒಂದೇ ಹೆಸರಿನಿಂದ ಕರೆದುದನ್ನು ಹಳ್ಳಿಯವರು ನಾಲ್ಕು ಬೇರೆಬೇರೆ ಬೇನೆಗಳೆಂದು ಬಗೆದಿದ್ದರು. ಎದೆಹಾಲಿನ ಕೂಸಿಗೆ ಆಗುವುದು ಒಂದು, ಅಜೀರ್ಣ ಒಂದು, ಆಮಶಂಕೆ ಒಂದು. ನೀರಿನಂತೆ ಸುರಿಯುವ ಘೋರವಾದುದಕ್ಕೆ ಮಾತ್ರ ‘ಡಾಯರಿಯಾ’ ಎಂಬ ಹೆಸರು. ಕಾರ್ಯಕರ್ತೆ ‘ಡಾಯರಿಯಾಕ್ಕೆ ಕೊಡು’ ಎಂದಳು. ತಾಯಿ ಅಕ್ಷರಶಃ ಪಾಲಿಸಿ ಉಳಿದ ಮೂರಕ್ಕೆ ಕೊಡಲಿಲ್ಲ. ಇಲ್ಲಿ ಅಜ್ಞಾನ ಯಾರದು? ಕೇಳುಗರ ನಿಘಂಟನ್ನು ತೆರೆದು ನೋಡದೆ ಪಾಠ ರಚಿಸಿದವರದೆಂದೇ ನನ್ನ ತೀರ್ಮಾನ.

ಇನ್ನೊಂದು ದೋಷ ಮುಜುಗರದ್ದು. ಕಲಿಸುವವರಿಗೇ ಬೆಲ್ಲದ ನೀರಿನಲ್ಲಿ ನಂಬಿಕೆಯಿರಲಿಲ್ಲ. ತಮಗೆ ಭೇದಿಯಾದಾಗ ಅವರು ಬೇರೆ ಔಷಧಿಗಳ ಮೊರೆಹೊಗುತ್ತಿದ್ದರು. ಸಂಸ್ಥೆ ಇದನ್ನು ಮುಚ್ಚಿಡದೆ, ಅವರಿಗೆ ದ್ರಾವಣ ಕೆಲಸ ಮಾಡುವ ಬಗೆಯನ್ನು ವಿವರಿಸಿ ಮನಗಾಣಿಸಿತು. ಅನಂತರ ಅವರು ತಾಯಿಯ ಮುಂದೆ ತಾವೇ ಒಂದು ಗುಟುಕು ಕುಡಿದು ತೋರಿಸತೊಡಗಿದರು. ಪುರುಷರನ್ನು ಹೊರಗಿಟ್ಟದ್ದೂ ತಪ್ಪೆಂದು ಕಂಡುಬಂದು, ಅವರೊಡನೆಯೂ ಸಭೆಗಳು ನಡೆದವು. ಹೀಗೆ ತಿದ್ದಿಕೊಳ್ಳುತ್ತ 1990ರ ಹೊತ್ತಿಗೆ 1 ಕೋಟಿ 20 ಲಕ್ಷಕ್ಕೂ ಮಿಕ್ಕಿದ ಮನೆಗಳಿಗೆ ಪಾಠ ತಲುಪಿತು.

ಕಾಲಕ್ರಮೇಣ ಹಿಡಿ ಬೆಲ್ಲದ ಜಾಗಕ್ಕೆ ಅಂಗಡಿಯ ಪೊಟ್ಟಣ ಬಂದಿತು. 2014ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ಅಲ್ಲಿ ಭೇದಿಯಾದ ಮಕ್ಕಳಲ್ಲಿ ಸುಮಾರು ಮುಕ್ಕಾಲು ಪಾಲಿಗೆ ಪೊಟ್ಟಣದ ದ್ರಾವಣ ಸಿಕ್ಕಿತ್ತು. ಬಡ ದೇಶಗಳಲ್ಲಿ ಇದು ಬಹಳ ಮೇಲಿನ ಅಂಕಿ. ‘ಹಾಗಾದರೆ ಹತ್ತು ವರ್ಷದ ಪಾದಯಾತ್ರೆ ವ್ಯರ್ಥವಲ್ಲವೆ, ಮೊದಲೇ ಪೊಟ್ಟಣ ಮಾರಬಹುದಿತ್ತಲ್ಲ’ ಎಂಬ ಆಕ್ಷೇಪವನ್ನು ನಾನು ಒಪ್ಪುವುದಿಲ್ಲ. ಕೊಳ್ಳುವವನಿಗೆ ಉಪಯೋಗ ತಿಳಿಯದ ಸರಕು ಎಷ್ಟು ಅಗ್ಗವಾದರೂ ಕಪಾಟಿನಲ್ಲೇ ಧೂಳು ತಿನ್ನುತ್ತದೆ. ಇದನ್ನು ನಾನು ನನ್ನ ಅಂಗಡಿಯಲ್ಲೇ ನಷ್ಟ ತೆತ್ತು ಕಲಿತಿದ್ದೇನೆ. ಆದರೆ ಆಕ್ಷೇಪದಲ್ಲಿ ಒಂದಂಶ ನಿಜವಿದೆ. ಕಾಸಿಲ್ಲದ ದಿನ ಪೊಟ್ಟಣ ಬರುವುದಿಲ್ಲ. ಅಂದು ಅಜ್ಜಿ ಕಲಿತಿದ್ದ ಮೂರು ಬೆರಳ ಅಳತೆ ಮೊಮ್ಮಗನ ತಾಯಿಗೂ ಗೊತ್ತಿರಬೇಕು. ಪೊಟ್ಟಣ ಬಂದ ಮೇಲೆ ಆ ಅಳತೆಯನ್ನು ಮುಂದಿನ ತಲೆಮಾರಿಗೆ ಯಾರು ಹೇಳಿಕೊಡಬೇಕೆಂಬುದೇ ಈ ಕಾರ್ಯದ ಕುರಿತು ನನಗೆ ಉಳಿದಿರುವ ದೊಡ್ಡ ಪ್ರಶ್ನೆ.

ನಾನೊಬ್ಬ ಸದಸ್ಯನಾಗಿರುವ ಟ್ರಸ್ಟಿನವರು ಕೆಲವು ವರ್ಷಗಳ ಹಿಂದೆ ಸಕ್ಕರೆ ಕಾಯಿಲೆಯ ಬಗ್ಗೆ ಎರಡು ಸಾವಿರ ಕರಪತ್ರ ಅಚ್ಚು ಹಾಕಿಸಿದೆವು. ಲೆಕ್ಕ ನಾನೇ ಬರೆದೆ: ಹಂಚಿದ್ದು ಎರಡು ಸಾವಿರ, ಉಳಿಕೆ ಸೊನ್ನೆ. ಮರುತಿಂಗಳು ಪೂಜಾಸಾಮಗ್ರಿಯ ಅಂಗಡಿಯಲ್ಲಿ ಕರ್ಪೂರ ಕೊಂಡಾಗ ಅದನ್ನು ಕಟ್ಟಿಕೊಟ್ಟದ್ದು ನಮ್ಮದೇ ಕರಪತ್ರದಲ್ಲಿ. ಬರುವ ಸಭೆಗೆ ಒಂದು ಸೂಚನೆ ಬರೆದಿಟ್ಟಿದ್ದೇನೆ: ಮುಂದಿನ ಸಲ ಪ್ರತಿಗಳನ್ನು ಅರ್ಧಕ್ಕಿಳಿಸಿ, ಉಳಿದ ಹಣದಲ್ಲಿ ತಿಂಗಳ ತರುವಾಯ ಐವತ್ತು ಮನೆಗಳಿಗೆ ಯಾರನ್ನಾದರೂ ಕಳುಹಿಸಿ, ಏನು ನೆನಪಿದೆ, ಏನು ಮಾಡಿದಿರಿ ಎಂದು ಕೇಳಿಸತಕ್ಕದ್ದು. ಖಜಾಂಚಿಗಳು ಈಗಾಗಲೇ ಆಟೋ ಖರ್ಚಿನ ಬಗ್ಗೆ ವಿಚಾರಿಸಿದ್ದಾರೆ.