ಬಾಟಲಿಯ ಅನಿಲ, ನಾಗಪುರದ ಬಿಸಿಲು

ಜಲಸಸ್ಯದ ಒಣ ತೂಕದಲ್ಲಿ ಸುಮಾರು ಶೇ 40ರಷ್ಟು ಪಾಲು ಇಂಗಾಲದ್ದೇ ಆಗಿದ್ದರೂ, ಅಕ್ವೇರಿಯಂ ಆಸಕ್ತರು ಗೊಬ್ಬರ, ಬೆಳಕು ಮತ್ತು ತಳದ ಮಣ್ಣಿನ ವಿಷಯದಲ್ಲಿ ವಹಿಸುವ ಮುತುವರ್ಜಿಯನ್ನು ಇಂಗಾಲದ ವಿಷಯದಲ್ಲಿ ವಹಿಸುವುದು ಕಡಿಮೆ. ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಸುಮಾರು 420 ಪಾಲು ಇಂಗಾಲದ ಡೈಆಕ್ಸೈಡ್ ಇದ್ದು, ಅದರೊಡನೆ ಸಮತೋಲಕ್ಕೆ ಬಂದ ನೀರಿನಲ್ಲಿ 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಗೆ ಲೀಟರಿಗೆ ಅರ್ಧ ಮಿಲಿಗ್ರಾಂ ಆಸುಪಾಸು ಮಾತ್ರ ಕರಗಿರುತ್ತದೆ. ಮೇಲಾಗಿ ಈ ಅನಿಲ ಗಾಳಿಗಿಂತ ನೀರಿನಲ್ಲಿ ಸುಮಾರು ಹತ್ತು ಸಾವಿರ ಪಟ್ಟು ನಿಧಾನವಾಗಿ ಹರಡುವುದರಿಂದ, ಎಲೆಗೆ ಅಂಟಿದಂತಿರುವ ತೆಳು ನೀರಿನ ಪದರದಲ್ಲಿ ಇದ್ದಷ್ಟನ್ನು ಗಿಡ ಬೇಗ ಹೀರಿ ಮುಗಿಸಿ ಮುಂದಿನದಕ್ಕೆ ಕಾಯುತ್ತ ಕೂರಬೇಕಾಗುತ್ತದೆ. ಒತ್ತಾಗಿ ನೆಟ್ಟ ತೊಟ್ಟಿಗಳಲ್ಲಿ ಲೀಟರಿಗೆ 20ರಿಂದ 30 ಮಿಲಿಗ್ರಾಂ ಅನಿಲವನ್ನು ಕಾಯ್ದುಕೊಳ್ಳುವ ರೂಢಿ ಬಂದಿರುವುದು ಈ ಕಾರಣಕ್ಕೆ.

ಜಪಾನಿನ ಛಾಯಾಗ್ರಾಹಕ ತಕಾಶಿ ಅಮಾನೊ (1954–2015) ತಮ್ಮ ನೀರಡಿಯ ತೋಟಗಳ ಮೂಲಕ ಜಗತ್ತಿಗೆ ಪರಿಚಯಿಸಿದ ಶೈಲಿಯ ಬೆನ್ನಿಗೆ ಇದ್ದದ್ದು ಒತ್ತಡದ ಸಿಲಿಂಡರ್ ಮತ್ತು ರೆಗ್ಯುಲೇಟರ್. ಅಷ್ಟು ಖರ್ಚು ಮಾಡಲಾಗದವರು ತಂಪು ಪಾನೀಯದ ಖಾಲಿ ಪೆಟ್ ಬಾಟಲಿ ಮತ್ತು ಅಡುಗೆಮನೆಯ ಸಾಮಗ್ರಿಯಿಂದಲೇ ಅನಿಲ ತಯಾರಿಸುವ ದಾರಿ ಕಂಡುಕೊಂಡರು. ಆ ದಾರಿ ಗೌರವಕ್ಕೆ ಅರ್ಹವಾದದ್ದೇ. ಆದರೆ ನಾಗಪುರದಂಥ ಊರಿನಲ್ಲಿ ಅದು ಕೈಹಿಡಿಯಬೇಕಾದರೆ ಬಾಟಲಿಗಿಂತ ಮೊದಲು ಋತುವನ್ನು ಓದಿಕೊಳ್ಳಬೇಕು.

ಹಳೆಯ ವಿಧಾನ ಯೀಸ್ಟಿನದು. ಎರಡು ಲೀಟರಿನ ಬಾಟಲಿಗೆ 200 ಗ್ರಾಂ ಸಕ್ಕರೆ, ಕಾಲು ಚಮಚ ಯೀಸ್ಟ್, ಚಿಟಿಕೆ ಅಡುಗೆ ಸೋಡ ಹಾಕಿ, ಮುಕ್ಕಾಲು ಭಾಗ ಉಗುರುಬೆಚ್ಚಗಿನ ನೀರು ತುಂಬಿಸಿ, ಮುಚ್ಚಳದಿಂದ ಹೊರಟ ಕೊಳವೆಯನ್ನು ತೊಟ್ಟಿಗೆ ಇಳಿಸಿದರೆ, ಯೀಸ್ಟ್ ಸಕ್ಕರೆಯನ್ನು ಆಲ್ಕೊಹಾಲ್ ಮತ್ತು ಇಂಗಾಲದ ಡೈಆಕ್ಸೈಡ್ ಆಗಿ ಒಡೆಯುತ್ತ ಹೋಗುತ್ತದೆ. ಲೆಕ್ಕದ ಪ್ರಕಾರ ಅಷ್ಟು ಸಕ್ಕರೆಯಿಂದ ನೂರು ಗ್ರಾಮಿಗಿಂತ ತುಸು ಹೆಚ್ಚು ಅನಿಲ ದೊರೆಯಬೇಕು. ಆದರೆ ಯೀಸ್ಟ್ ಜೀವಂತ ವಸ್ತುವಾದ್ದರಿಂದ ಸುತ್ತಲಿನ ಉಷ್ಣತೆಗೆ ತಕ್ಕಂತೆ ನಡೆಯುತ್ತದೆ: 30–35 ಡಿಗ್ರಿಯಲ್ಲಿ ಅದರ ವೇಗ ಹೆಚ್ಚು, 40 ದಾಟಿದರೆ ಸೊರಗುತ್ತದೆ, ಹತ್ತು ಹನ್ನೆರಡಕ್ಕೆ ಇಳಿದರೆ ನಿದ್ದೆ ಹೋಗುತ್ತದೆ. 2013ರ ಮೇ ತಿಂಗಳಲ್ಲಿ 47.9 ಡಿಗ್ರಿ ಮತ್ತು 2018ರ ಡಿಸೆಂಬರಿನಲ್ಲಿ 3.5 ಡಿಗ್ರಿ ಕಂಡ ಊರು ನಾಗಪುರ. ಇಲ್ಲಿ ಏಪ್ರಿಲಿನಲ್ಲಿ ಕಲಸಿಟ್ಟ ಬಾಟಲಿ ಮೊದಲ ಕೆಲವು ದಿನ ಗುಳ್ಳೆಗಳನ್ನು ಎಣಿಸಲಾಗದಷ್ಟು ಉಕ್ಕಿಸಿ, ನೊರೆ ಕೊಳವೆಯವರೆಗೂ ಏರಿ, ವಾರ ತುಂಬುವುದರೊಳಗೆ ಬರಿದಾಗಬಹುದು. ಅದೇ ಅಳತೆಯ ಬಾಟಲಿ ಜನವರಿಯ ಬೆಳಗಿನಲ್ಲಿ ನಿಮಿಷಕ್ಕೆ ಒಂದು ಗುಳ್ಳೆಗೂ ತಡವರಿಸಬಹುದು. ಸಕ್ಕರೆಯನ್ನು ಅಂಗಡಿಗಳಲ್ಲಿ ಚೈನಾ ಗ್ರಾಸ್ ಎಂಬ ಹೆಸರಿನಲ್ಲಿ ಸಿಗುವ ಅಗರ್‌ನೊಂದಿಗೆ ಕುದಿಸಿ ಗಟ್ಟಿಯಾಗಿಸಿದರೆ ಅದು ನಿಧಾನವಾಗಿ ಬಿಡುಗಡೆಯಾಗುತ್ತದೆ, ಬಾಟಲಿಯನ್ನು ನೀರು ತುಂಬಿದ ಬಕೆಟ್ಟಿನಲ್ಲಿ ನಿಲ್ಲಿಸಿದರೆ ಹಗಲುರಾತ್ರಿಯ ಏರಿಳಿತ ತಗ್ಗುತ್ತದೆ. ಆದರೂ ಯೀಸ್ಟನ್ನು ರಾತ್ರಿ ನಿಲ್ಲಿಸುವ ಗುಂಡಿ ಯಾವುದೂ ಇಲ್ಲ. ಹಾಗೆಂದು ಕೊಳವೆಗೆ ಕವಾಟ ಹಾಕಿ ಮುಚ್ಚಿದರೆ ಒತ್ತಡ ಏರಿ ಬಾಟಲಿ ಸಿಡಿಯುವ ಅಪಾಯವಿದೆ, ಗಾಜಿನ ಬಾಟಲಿಯಾದರಂತೂ ಆ ಮಾತೇ ಬೇಡ.

ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಮ್ಲ, ಮತ್ತು ಅಡುಗೆ ಸೋಡದ ಜೋಡಿ ಬಾಟಲಿ ಹೆಚ್ಚು ಭರವಸೆಗೆ ಅರ್ಹ. 200 ಗ್ರಾಂ ಸೋಡ ಪೂರ್ತಿಯಾಗಿ ವರ್ತಿಸಲು ಸುಮಾರು 152 ಗ್ರಾಂ ನಿಂಬೆ ಉಪ್ಪು ಬೇಕಾಗಿ, ಸರಿಸುಮಾರು 105 ಗ್ರಾಂ ಅನಿಲ ಬರುತ್ತದೆ. ಇದು 200 ಗ್ರಾಂ ಸಕ್ಕರೆಯಿಂದ ಬರುವುದಕ್ಕೆ ಹೆಚ್ಚುಕಡಿಮೆ ಸಮ. ಹೀಗೆ ಎರಡು ವಿಧಾನಗಳ ನಡುವಿನ ವ್ಯತ್ಯಾಸ ಅನಿಲದ ಮೊತ್ತದಲ್ಲಿಲ್ಲ, ಅದು ಯಾವಾಗ ಹೊರಬರಬೇಕೆಂಬುದನ್ನು ನಿರ್ಧರಿಸುವ ಅಧಿಕಾರದಲ್ಲಿದೆ. ಒಂದು ಬಾಟಲಿಯಲ್ಲಿ ಆಮ್ಲದ ದ್ರಾವಣ, ಇನ್ನೊಂದರಲ್ಲಿ ಸ್ವಲ್ಪ ನೀರು ಬೆರೆಸಿದ ಸೋಡ ಇರುತ್ತದೆ. ಆಮ್ಲದ ಬಾಟಲಿಯನ್ನು ಅಮುಕಿದಾಗ ಒಂದಿಷ್ಟು ದ್ರಾವಣ ಸೋಡದ ಮೇಲೆ ಬಿದ್ದು ಅನಿಲ ಹುಟ್ಟುತ್ತದೆ. ಆ ಅನಿಲ, ಒಂದೇ ದಿಕ್ಕಿಗೆ ಹರಿಯಗೊಡುವ ನಾನ್‌ರಿಟರ್ನ್ ವಾಲ್ವ್ ಮೂಲಕ ಆಮ್ಲದ ಬಾಟಲಿಗೂ ನುಗ್ಗಿ ಎರಡೂ ಕಡೆ ಒತ್ತಡವನ್ನು ಸಮ ಮಾಡುತ್ತದೆ. ತೊಟ್ಟಿಗೆ ಅನಿಲ ಹೋದಂತೆ ಸೋಡದ ಬಾಟಲಿಯ ಒತ್ತಡ ಇಳಿಯುತ್ತದೆ, ಆಮ್ಲದ ಬಾಟಲಿಯ ಒತ್ತಡ ಹಾಗೇ ಉಳಿದಿರುತ್ತದೆ, ಆದ್ದರಿಂದ ಅದು ಇನ್ನಷ್ಟು ಆಮ್ಲವನ್ನು ತಾನಾಗಿಯೇ ಆಚೆಗೆ ತಳ್ಳುತ್ತದೆ. ವಿದ್ಯುತ್ತಿಲ್ಲದೆ, ಯಾರ ಕೈಯೂ ತಾಗದೆ ನಡೆಯುವ ಈ ವ್ಯವಹಾರ ನಿಜಕ್ಕೂ ಸೊಗಸಾದದ್ದು. ಹರಿವನ್ನು ಕೂದಲೆಳೆಯಷ್ಟು ತಿದ್ದಬಲ್ಲ ನೀಡಲ್ ವಾಲ್ವ್ ಜೊತೆಗಿದ್ದರೆ, ಎರಡು ಅಡಿ ಉದ್ದದ, 55 ಲೀಟರ್ ಆಸುಪಾಸಿನ ತೊಟ್ಟಿಗೆ ಸೆಕೆಂಡಿಗೊಂದು ಗುಳ್ಳೆಯಂತೆ ದಿನಕ್ಕೆ ಎಂಟು ಗಂಟೆ ಬಿಟ್ಟರೂ ಒಂದು ತಿಂಗಳ ಹತ್ತಿರ ಬಾಳಿಕೆ ಬರುತ್ತದೆ. ದೀಪ ಹೊತ್ತುವ ಒಂದೆರಡು ಗಂಟೆ ಮೊದಲು ಅನಿಲ ತೆರೆದು, ದೀಪ ಆರುವ ವೇಳೆಗೆ ಮುಚ್ಚುವುದು ಇಲ್ಲಿ ಸಾಧ್ಯ. ರಾತ್ರಿ ಗಿಡಗಳೂ ಆಮ್ಲಜನಕವನ್ನೇ ಉಸಿರಾಡುವುದರಿಂದ ಈ ಶಿಸ್ತು ಮೀನುಗಳ ಪಾಲಿಗೆ ಜೀವರಕ್ಷಕ.

ಗುಳ್ಳೆ ಎಣಿಸುವುದು ಅಳತೆಯಲ್ಲ. ನೀರಿನ ಪಿಎಚ್ ಮತ್ತು ಕಾರ್ಬೊನೇಟ್ ಗಡಸುತನ, ಅಂದರೆ ಆಮ್ಲವನ್ನು ತಡೆದುಕೊಳ್ಳುವ ನೀರಿನ ಶಕ್ತಿ, ಇವೆರಡೂ ಸೇರಿದಾಗಲೇ ಕರಗಿದ ಅನಿಲದ ಲೆಕ್ಕ ಸಿಗುತ್ತದೆ. ನಾಗಪುರದ ನಲ್ಲಿಗೆ ಬರುವುದು ಹೆಚ್ಚಾಗಿ ಪೆಂಚ್ ಜಲಾಶಯ ಮತ್ತು ಕನ್ಹಾನ್ ನದಿಯ ನೀರು. ಬಾವಿ ಮತ್ತು ಬೋರ್‌ವೆಲ್ ನಂಬಿದ ಮನೆಗಳಲ್ಲಿ ನೀರು ಅದಕ್ಕಿಂತ ಗಡುಸಾಗಿರುವ ಸಂಭವ ಹೆಚ್ಚು. ಗಡಸುತನ 4 ಡಿಗ್ರಿ ಇದ್ದಲ್ಲಿ ಪಿಎಚ್ 6.6ಕ್ಕೆ ಇಳಿದಾಗ ಅನಿಲ ಲೀಟರಿಗೆ 30 ಮಿಲಿಗ್ರಾಂ ಆಗುತ್ತದೆ. ಆದರೆ ಗಡಸುತನ 12 ಇರುವ ನೀರಿನಲ್ಲಿ ಅದೇ 6.6ರ ಬೆನ್ನು ಹತ್ತಿದರೆ ಅನಿಲ 90 ಮಿಲಿಗ್ರಾಂ ತಲುಪಿ ಮೀನುಗಳು ಸಾಯುತ್ತವೆ; ಅಲ್ಲಿ ಪಿಎಚ್ 7.1ಕ್ಕೇ ನಿಲ್ಲಿಸಬೇಕು. ಈ ಗೊಂದಲ ತಪ್ಪಿಸುವುದೇ ಡ್ರಾಪ್ ಚೆಕರ್ ಎಂಬ ಪುಟ್ಟ ಗಾಜಿನ ಬುರುಡೆ. ಅದರೊಳಗೆ ಗಡಸುತನ 4 ಡಿಗ್ರಿ ಇರುವಂತೆ ತಯಾರಿಸಿದ ನೀರು ಮತ್ತು ಬ್ರೋಮೊಥೈಮಾಲ್ ಬ್ಲೂ ಎಂಬ ಬಣ್ಣ ಇದ್ದು, ತೊಟ್ಟಿಯ ನೀರಿಗೂ ಅದಕ್ಕೂ ನಡುವೆ ಗಾಳಿಯ ತೆರವು ಇರುವುದರಿಂದ ಅನಿಲ ಮಾತ್ರ ಒಳಗೆ ಸೇರುತ್ತದೆ. ನೀಲಿ ಇದ್ದರೆ ಕೊರತೆ, ಹಳದಿಯಾದರೆ ಅಪಾಯ, ಎಳೆ ಹುಲ್ಲಿನ ಹಸಿರು ಬಂದರೆ ಸರಿ. ಬಣ್ಣ ತಿರುಗಲು ಒಂದೆರಡು ಗಂಟೆ ಹಿಡಿಯುವುದರಿಂದ ವಾಲ್ವನ್ನು ಮತ್ತೆ ಮತ್ತೆ ತಿರುವುವ ಆತುರ ಕೂಡದು.

ಅನಿಲ ಎಷ್ಟಿದೆ ಎಂಬುದಕ್ಕಿಂತ ದಿನದಿನವೂ ಒಂದೇ ಸಮನಾಗಿದೆಯೇ ಎಂಬುದು ಮುಖ್ಯವೆನ್ನುವ ಅನುಭವಿಗಳ ಮಾತನ್ನು ಒಪ್ಪಲೇಬೇಕು. ಏರಿಳಿತವಿರುವ ತೊಟ್ಟಿಯಲ್ಲಿ ಹಳೆಯ ಎಲೆಗಳ ಅಂಚಿಗೆ ಕಪ್ಪು ಗಡ್ಡದಂಥ ಪಾಚಿ ಕುಚ್ಚು ಕುಚ್ಚಾಗಿ ಹತ್ತಿಕೊಂಡರೆ, ಅದನ್ನು ಉಜ್ಜಿ ತೆಗೆಯುವುದಕ್ಕಿಂತ ಎಲೆಯನ್ನೇ ಕತ್ತರಿಸುವುದು ಸುಲಭ. ಯೀಸ್ಟಿನ ಬಾಟಲಿ ಸೋಲುವುದು ಇಲ್ಲಿಯೇ.

ಬೇಸಿಗೆಯ ತೀರ್ಮಾನ ಬೇರೆ. 25 ಡಿಗ್ರಿಯ ನೀರಿನಲ್ಲಿ ಲೀಟರಿಗೆ ಸುಮಾರು 8.3 ಮಿಲಿಗ್ರಾಂ ಆಮ್ಲಜನಕ ಕರಗಬಲ್ಲದಾದರೆ 35 ಡಿಗ್ರಿಯಲ್ಲಿ 7ರಷ್ಟು ಮಾತ್ರ, ಅದೇ ಹೊತ್ತಿಗೆ ಮೀನಿನ ಅಗತ್ಯ ಏರಿರುತ್ತದೆ. ನಾಗಪುರದ ಒಣ ಹವೆಯಲ್ಲಿ ನೀರಿನ ಮೇಲೆ ಸಣ್ಣ ಫ್ಯಾನ್ ಬೀಸಿದರೆ ಆವಿಯಾಗುವಿಕೆಯಿಂದ ಕೆಲವು ಡಿಗ್ರಿ ತಂಪು ಸಿಗುತ್ತದೆ. ಲಾವಂಚದ ಕೂಲರ್ ಓಡುವ ಕೋಣೆ ತಂಪಾದರೂ ಅಲ್ಲಿ ಹವೆ ತೇವಗೊಂಡಿರುವುದರಿಂದ ಫ್ಯಾನಿನ ಈ ಪ್ರಯೋಜನ ಕುಗ್ಗುತ್ತದೆ. ಮೇಲ್ಮೈ ಅಲುಗಿದಷ್ಟೂ ತುಂಬಿಸಿದ ಅನಿಲ ಹಾರಿಹೋಗುತ್ತದೆ, ಆವಿಯಾದಷ್ಟೂ ಗಡಸುತನ ಏರುವುದರಿಂದ ಕೊರತೆಯನ್ನು ಆರ್‌ಒ ನೀರಿನಿಂದಲೇ ತುಂಬಬೇಕಾಗುತ್ತದೆ. ಆದ್ದರಿಂದ ಏಪ್ರಿಲ್ ಕೊನೆಯಿಂದ ಮಳೆ ಹಿಡಿಯುವವರೆಗೆ ಅನಿಲ ನಿಲ್ಲಿಸಿ, ದೀಪವನ್ನು ಆರು ಗಂಟೆಗೆ ಇಳಿಸಿ, ನೀರನ್ನು ಧಾರಾಳವಾಗಿ ಅಲುಗಾಡಿಸುವುದೇ ವಿವೇಕ.

ಆ ಎರಡು ತಿಂಗಳು ತೊಟ್ಟಿ ಬಡವಾಗಿ ಕಾಣಬೇಕಿಲ್ಲ. ಪಶ್ಚಿಮ ಘಟ್ಟದ ಹೊಳೆಗಳ ಕ್ರಿಪ್ಟೊಕೊರಿನ್ ಸ್ಪೈರಾಲಿಸ್ ಹೆಚ್ಚುವರಿ ಅನಿಲ ಕೇಳುವುದಿಲ್ಲ. ದೇಶದ ಕೆರೆಕುಂಟೆಗಳಲ್ಲಿ ಹೇರಳವಾಗಿರುವ ಹೈಡ್ರಿಲ್ಲ, ಅನಿಲ ಕಡಿಮೆಯಾದಾಗ ನೀರಿನಲ್ಲಿ ಕರಗಿರುವ ಬೈಕಾರ್ಬೊನೇಟಿನಿಂದಲೇ ಇಂಗಾಲ ಪಡೆಯಬಲ್ಲದು. ಗಡಸು ನೀರಿನಲ್ಲಿ ಅದರ ಎಲೆಗಳ ಮೇಲೆ ಕೂರುವ ಬಿಳಿ ಸುಣ್ಣದ ಪುಡಿ ಆ ಕೆಲಸದ ಗುರುತು. ದಕ್ಷಿಣ ಭಾರತದ ರೋಟಾಲ ಮ್ಯಾಕ್ರಾಂಡ್ರ ಮಾತ್ರ ಅನಿಲವಿಲ್ಲದೆ ತನ್ನ ಕೆಂಪನ್ನು ಕಳೆದುಕೊಂಡು ಕೆಳಗಿನ ಎಲೆಗಳನ್ನು ಉದುರಿಸುವುದರಿಂದ, ಅದನ್ನು ಮಳೆ ಬಂದು ನೀರಿನ ಉಷ್ಣತೆ 28ಕ್ಕೆ ಇಳಿದ ಮೇಲೆಯೇ ನೆಡಬೇಕು. ಆಗಲೂ ಹಳೆಯ ಬಾಟಲಿಯ ಕತ್ತಿನಲ್ಲಿ ಬಿಳಿಚಿದ ಗೆರೆ, ಸೀಳು ಇವೆಯೇ ಎಂದು ಬೆಳಕಿಗೆ ಹಿಡಿದು ನೋಡಿ, ಇದ್ದರೆ ಬಾಟಲಿ ಬದಲಿಸಿ, ಎರಡು ಸೆಕೆಂಡಿಗೊಂದು ಗುಳ್ಳೆಯಿಂದ ಆರಂಭಿಸಿ, ಡ್ರಾಪ್ ಚೆಕರ್ ಹಸಿರಾಗುವವರೆಗೆ ಒಂದು ವಾರದ ಅವಧಿಯಲ್ಲಿ ಏರಿಸುತ್ತ ಹೋಗಬೇಕು.