ಗುಮ್ಮಟದ ಕೆಳಗಿನ ಮೋಡಗಳು

ಸಂಗೀತದ ಸಭಾಭವನವನ್ನು ಕಣ್ಣಿನಿಂದ ಅಳೆಯಬೇಕೋ ಕಿವಿಯಿಂದ ಅಳೆಯಬೇಕೋ ಎಂದು ಕೇಳಿದರೆ ಓದುಗರು ನಕ್ಕಾರು. ಉತ್ತರ ಎಲ್ಲರಿಗೂ ಗೊತ್ತು. ಆದರೂ ನಮ್ಮಲ್ಲಿ ಹೆಚ್ಚಿನವರು ಪ್ರಪಂಚದ ಪ್ರಸಿದ್ಧ ಸಭಾಭವನಗಳನ್ನು ಬಲ್ಲದ್ದು ಚಿತ್ರಗಳಿಂದಲೇ, ಚಿತ್ರಕ್ಕೆ ದನಿಯಿಲ್ಲ. ಹೀಗಾಗಿ ಕಿವಿಗಾಗಿ ಕಟ್ಟಿದ ಮನೆಯ ಕೀರ್ತಿಯನ್ನು ಕಣ್ಣೇ ತೀರ್ಮಾನಿಸಿಬಿಡುತ್ತದೆ. ಈ ತಪ್ಪನ್ನು ನಾನೂ ಬಹುಕಾಲ ಮಾಡಿದೆ. ಅದನ್ನು ತಿದ್ದಿಕೊಂಡ ಬಗೆಯನ್ನು ಇಲ್ಲಿ ಹೇಳಬೇಕೆಂದಿದ್ದೇನೆ.

ಅಮೆರಿಕದ ಕೇಂಬ್ರಿಜ್ ಪಟ್ಟಣದಲ್ಲಿ ಬಂಧುಗಳ ಮನೆಯಲ್ಲಿ ಕೆಲವು ವಾರ ಉಳಿಯುವ ಅವಕಾಶ ನನಗೆ ಒದಗಿತ್ತು. ಎಂ.ಐ.ಟಿ. ಎಂದು ನಮ್ಮ ಮನೆಮನೆಯ ಹುಡುಗರಿಗೂ ಗೊತ್ತಿರುವ ತಾಂತ್ರಿಕ ವಿದ್ಯಾಲಯ ಇರುವುದು ಅಲ್ಲಿಯೇ. ಅದರ ಕ್ರೆಸ್ಗೆ ಸಭಾಭವನವನ್ನು ನಾನು ಮೊದಲು ಕಂಡದ್ದು ಒಂದು ತಿಳಿಬಿಸಿಲಿನ ಬೆಳಗಿನಲ್ಲಿ. ಒಂದು ಕಿತ್ತಳೆಯನ್ನು ಉದ್ದಕ್ಕೆ ನಾಲ್ಕಾಗಿ ಸೀಳಿ, ಪ್ರತಿ ಹೋಳನ್ನೂ ಅಡ್ಡಲಾಗಿ ಒಮ್ಮೆ ಕೊಯ್ಯಿರಿ. ಎಂಟು ತುಂಡಾಗುತ್ತವೆ. ಅದರಲ್ಲಿ ಒಂದರ ಸಿಪ್ಪೆಯನ್ನು, ಮೂರು ಮೂಲೆಗಳು ನೆಲಕ್ಕೆ ತಾಗುವಂತೆ, ಬೋರಲು ಹಾಕಿರಿ. ಅದೇ ಈ ಕಟ್ಟಡ. ಗೋಳದ ಎಂಟನೆಯ ಒಂದು ಪಾಲು; ನಿಂತಿರುವುದು ಮೂರೇ ಕಾಲಿನ ಮೇಲೆ; ಒಳಗೆ ಒಂದು ಕಂಬವೂ ಇಲ್ಲ. ಕಾಂಕ್ರೀಟಿನ ಚಿಪ್ಪಿನ ದಪ್ಪ ಬಹುಭಾಗ 3.5 ಅಂಗುಲ ಮಾತ್ರ. ಇಂಥ ಅಗಲಕ್ಕೆ ಅಷ್ಟು ತೆಳುವೆಂದರೆ ಕೋಳಿಮೊಟ್ಟೆಯೇ ಒರಟೆನಿಸಬೇಕು. ಮೂಲೆಗಳ ನಡುವಣ ಮೂರು ಬದಿಗಳಿಗೂ ಗಾಜು. ಫಿನ್ಲೆಂಡಿನಲ್ಲಿ ಹುಟ್ಟಿ ಅಮೆರಿಕದಲ್ಲಿ ಹೆಸರಾದ ಈರೋ ಸಾರಿನೆನ್ ಇದರ ಶಿಲ್ಪಿ. 1955ರಲ್ಲಿ ಇದರ ಉದ್ಘಾಟನೆಗೆಂದೇ ಸಂಗೀತಕಾರ ಆರನ್ ಕೋಪ್ಲೆಂಡ್ ಹೊಸದೊಂದು ಕೃತಿಯನ್ನು ರಚಿಸಿಕೊಟ್ಟರು. ಆ ಬೆಳಗ್ಗೆ ಹುಲ್ಲಿನ ಮೇಲೆ ನಿಂತು ನೋಡಿದಾಗ, ಇದಕ್ಕಿಂತ ಸರಳವಾದ, ಇದಕ್ಕಿಂತ ಧೀರವಾದ ರೂಪ ಬೇರೊಂದಿಲ್ಲವೆಂದೇ ನನಗೆ ತೋರಿತು.

ಸಂಜೆ ವಿದ್ಯಾರ್ಥಿಗಳ ವಾದ್ಯವೃಂದವನ್ನು ಕೇಳಲು ಒಳಗೆ ಹೋದೆ. ಸಾವಿರದ ಇನ್ನೂರಕ್ಕೂ ಮಿಕ್ಕಿ ಆಸನಗಳು. ಯಾವುದರಿಂದಲೂ ವೇದಿಕೆ ಮರೆಯಾಗದು. ಹಿಂದಿನ ಸಾಲಿನಲ್ಲಿದ್ದ ನನಗೆ ಪಿಟೀಲಿನ ಅತಿ ಸಣ್ಣ ಎಳೆಯೂ ಸ್ಪಷ್ಟವಾಗಿ ಕೇಳಿಸಿತು. ಆದರೆ ತಲೆಯೆತ್ತಿ ನೋಡಿದರೆ ಬೆಳಗ್ಗೆ ಮೆಚ್ಚಿದ ಆ ಗುಮ್ಮಟವೆಲ್ಲಿ? ಅದರ ಕೆಳಗೆ ದೊಡ್ಡ ದೊಡ್ಡ ಫಲಕಗಳು ತೂಗುತ್ತಿದ್ದುವು. ಅವನ್ನು ಅಲ್ಲಿಯವರು ಮೋಡಗಳೆಂದು ಕರೆಯುತ್ತಾರೆ. ಗುಮ್ಮಟವೇನಿದ್ದರೂ ಮೋಡಗಳ ಸಂದಿನಲ್ಲಿ ಇಣಿಕಿ ನೋಡುತ್ತಿತ್ತು, ಹಬ್ಬದ ಮನೆಯಲ್ಲಿ ಒಳಗೆ ಬರಲು ಸಂಕೋಚಪಡುವ ನೆಂಟನಂತೆ.

ಈ ಮೋಡಗಳೇಕೆ ಬೇಕಾದುವು? ವಿಜಾಪುರದ ಗೋಲಗುಮ್ಮಟವನ್ನು ಹತ್ತಿದವರಿಗೆ ವಿವರಿಸಬೇಕಾದ್ದಿಲ್ಲ. ಅಲ್ಲಿ ಒಂದು ಕಡೆ ಪಿಸುಗುಟ್ಟಿದ್ದು ಎದುರು ಬದಿಯಲ್ಲಿ ಕೇಳಿಸುತ್ತದೆ. ಚಪ್ಪಾಳೆ ತಟ್ಟಿದರೆ ಗುಮ್ಮಟ ಮತ್ತೆ ಮತ್ತೆ ತಟ್ಟುತ್ತದೆ. ನೋಡಲು ಬಂದವರಿಗೆ ಅದು ವಿನೋದ. ಆದರೆ ಅಲ್ಲಿ ಕುಳಿತು ಯಾರಾದರೂ ಒಂದು ಚುರುಕಾದ ತಾನವನ್ನು ಹಾಡಿದರೆ ಸ್ವರದ ಮೇಲೆ ಸ್ವರ ಬಿದ್ದು ಎಲ್ಲವೂ ಕಲಸುಮೇಲೋಗರವಾದೀತು. ಒಳಬಾಗಿದ ಮೈ ಸದ್ದನ್ನು ಸಮನಾಗಿ ಹಂಚುವುದಿಲ್ಲ. ಒಂದೆಡೆ ರಾಶಿ ಹಾಕಿ ಇನ್ನೊಂದೆಡೆ ಬರಗಾಲ ಉಂಟುಮಾಡುತ್ತದೆ. ಸಾರಿನೆನ್ನರ ಗೋಳಕ್ಕೂ ಇದೇ ಸ್ವಭಾವ. ಅದನ್ನು ಹತೋಟಿಗೆ ತರಲು ಬೋಲ್ಟ್, ಬೆರಾನೆಕ್, ನ್ಯೂಮನ್ ಎಂಬ ಧ್ವನಿಶಾಸ್ತ್ರಜ್ಞರ ಸಂಸ್ಥೆ ಈ ಫಲಕಗಳನ್ನು ಯೋಜಿಸಿತು. ಮೂವರೂ ಎಂ.ಐ.ಟಿ.ಯಲ್ಲೇ ಪಾಠ ಹೇಳಿದವರು. ವೇದಿಕೆಯಿಂದ ಮೇಲೇರಿದ ದನಿಯನ್ನು ಮೋಡಗಳು ಗುಮ್ಮಟಕ್ಕೆ ಬಿಟ್ಟುಕೊಡದೆ ಕೇಳುವವರ ಕಡೆಗೆ ತಿರುಗಿಸುತ್ತವೆ. ದೀಪಗಳನ್ನೂ ಗಾಳಿಯ ದಾರಿಗಳನ್ನೂ ತಾವೇ ಹೊರುತ್ತವೆ. ಕಟ್ಟಡಕ್ಕೆ ಕೀರ್ತಿ ತಂದದ್ದು ಗುಮ್ಮಟ. ಸಂಗೀತವನ್ನು ನಡೆಸಿಕೊಡುವುದು ಮೋಡ.

ಕೆಲವು ದಿನಗಳ ತರುವಾಯ ಅದೇ ಪಟ್ಟಣದ ಹಾರ್ವರ್ಡ್ ವಿಶ್ವವಿದ್ಯಾಲಯಕ್ಕೆ ನಡೆದು ಹೋದೆ. ಅಲ್ಲಿ ಸ್ಯಾಂಡರ್ಸ್ ಥಿಯೇಟರ್ ಎಂಬ ಹಳೆಯ ಸಭಾಭವನವಿದೆ. ಹತ್ತೊಂಬತ್ತನೆಯ ಶತಮಾನದ ಎಪ್ಪತ್ತರ ದಶಕದ್ದು. ಆಕ್ಸ್‌ಫರ್ಡಿನಲ್ಲಿ ಕ್ರಿಸ್ಟೋಫರ್ ರೆನ್ ಕಟ್ಟಿದ ಷೆಲ್ಡೋನಿಯನ್ ಭವನದಿಂದ ಸ್ಫೂರ್ತಿ ಪಡೆದದ್ದು. ಒಳಗೆಲ್ಲ ಮರ. ಕಪ್ಪಾಗಿ ಮಾಗಿದ ಆ ಮರದ ನಡುವೆ ಕುಳಿತಾಗ, ದೊಡ್ಡದೊಂದು ವೀಣೆಯ ಬುರುಡೆಯೊಳಗೆ ಹೊಕ್ಕಂತೆ ನನಗನ್ನಿಸಿತು.

ಈ ಭವನಕ್ಕೊಂದು ಕಥೆಯಿದೆ. 1895ರಲ್ಲಿ ಹಾರ್ವರ್ಡಿನವರು ಫಾಗ್ ಕಲಾಶಾಲೆಯಲ್ಲಿ ಹೊಸ ಉಪನ್ಯಾಸ ಮಂದಿರವೊಂದನ್ನು ಕಟ್ಟಿದರು. ಆಕಾರಕ್ಕೆ ಸ್ಯಾಂಡರ್ಸನ್ನೇ ಮಾದರಿಯಾಗಿ ಹಿಡಿದರು. ಫಲ? ಆಡಿದ ಮಾತು ಐದೂವರೆ ಸೆಕೆಂಡಿನಷ್ಟು ಹೊತ್ತು ಅಲ್ಲಿಯೇ ಸುಳಿದಾಡುತ್ತಿತ್ತು; ಉಪನ್ಯಾಸಕರ ಒಂದು ವಾಕ್ಯ ಮುಂದಿನ ವಾಕ್ಯವನ್ನು ನುಂಗುತ್ತಿತ್ತು. ರೋಗಪರೀಕ್ಷೆ ವಾಲೆಸ್ ಸೇಬಿನ್ ಎಂಬ ತರುಣ ಭೌತವಿಜ್ಞಾನಿಯ ಪಾಲಿಗೆ ಬಂತು. ಆತ ಬೀದಿಯ ಸದ್ದಡಗಿದ ರಾತ್ರಿಗಳಲ್ಲಿ ಸ್ಯಾಂಡರ್ಸಿನ ಆಸನಗಳ ಮೆತ್ತೆಗಳನ್ನು ಹೊರಿಸಿ ತರುವನು, ಒಂದಿಷ್ಟು ಹಾಸಿ, ಆರ್ಗನ್ನಿನ ಒಂದು ಕೊಳವೆಯನ್ನು ನುಡಿಸಿ ನಿಲ್ಲಿಸಿ, ದನಿ ಆರುವವರೆಗಿನ ಹೊತ್ತನ್ನು ಎಣಿಸುವನು, ಮತ್ತೊಂದಿಷ್ಟು ಹಾಸುವನು, ಬೆಳಗಾಗುವ ಮೊದಲೇ ಮೆತ್ತೆಗಳನ್ನು ಹಿಂದಕ್ಕೆ ಸಾಗಿಸುವನು. ಕೊಠಡಿಯ ಗಾತ್ರಕ್ಕೂ ಅದರ ಮೈ ಸದ್ದನ್ನು ಹೀರುವ ಪ್ರಮಾಣಕ್ಕೂ ಇರುವ ಲೆಕ್ಕ ಆ ರಾತ್ರಿಗಳಿಂದ ಹೊರಬಂತು. ಸಭಾಭವನದ ಧ್ವನಿ ಅದೃಷ್ಟದ ಮಾತಾಗಿದ್ದದ್ದು ಶಾಸ್ತ್ರದ ಮಾತಾಯಿತು. ಹೊಳೆಯಾಚೆಯ ಬಾಸ್ಟನ್ನಿನಲ್ಲಿ 1900ರಲ್ಲಿ ತೆರೆದ ಸಿಂಫನಿ ಹಾಲ್ ಆ ಶಾಸ್ತ್ರದ ಚೊಚ್ಚಲ ಕೂಸು.

ಸ್ಯಾಂಡರ್ಸಿನದು ಮರದ ಮೈ, ಫಾಗ್ ಮಂದಿರದ್ದು ಹೆಂಚಿನ ಮೇಲೆ ಗಾರೆ. ಆಕಾರ ಒಂದೇ, ಕೊರಳು ಬೇರೆ. ರೂಪವನ್ನು ನಂಬಿ ಕೆಟ್ಟೆವೆಂಬ ಪಾಠವನ್ನು ಈ ಪಟ್ಟಣ ಕಲಿತು ಅರವತ್ತು ವರ್ಷವಾದ ಮೇಲೆ, ಅರ್ಧ ಗಂಟೆಯ ದಾರಿಯಾಚೆ, ಅದೇ ವಿದ್ಯೆಯ ಪಂಡಿತರೇ ಇದ್ದ ವಿದ್ಯಾಲಯ ಮತ್ತೊಮ್ಮೆ ರೂಪವನ್ನೇ ಮುಂದಿಟ್ಟಿತು. ನನ್ನ ತಕರಾರು ಇದು. ಗೋಳದ ಎಂಟನೆಯ ಪಾಲೆಂಬುದು ರೇಖಾಗಣಿತದಲ್ಲಿ ಹುಟ್ಟಿದ ಚೆಲುವು. ಹಾಡುವವನ ಅಗತ್ಯದಿಂದಾಗಲಿ ಕೇಳುವವನ ಅಗತ್ಯದಿಂದಾಗಲಿ ಹುಟ್ಟಿದ್ದಲ್ಲ. ಕಟ್ಟುವ ಶಾಸ್ತ್ರವೂ ಅದಕ್ಕೆ ಸುಲಭವಾಗಿ ಒಲಿಯಲಿಲ್ಲ. ಚಿಪ್ಪಿನ ಅಂಚುಗಳು ಎಣಿಸಿದ್ದಕ್ಕಿಂತ ಹೆಚ್ಚು ಬಾಗಿದ್ದರಿಂದ, ಗಾಜು ಹಿಡಿಯಲೆಂದು ನಿಲ್ಲಿಸಿದ ಉಕ್ಕಿನ ಪಟ್ಟಿಗಳು ಭಾರವನ್ನೂ ಹೊರಬೇಕಾಯಿತು. ಮುಂದೆ ನೀರು ಇಳಿದು ಕಾಂಕ್ರೀಟು ಕೆಟ್ಟು, 1980ರ ಸುಮಾರಿಗೆ ಭವನವನ್ನು ಮುಚ್ಚಿ ದುರಸ್ತು ಮಾಡಿದರು. ಈಗಿರುವ ತಾಮ್ರದ ಹೊದಿಕೆ ಆ ಕಾಲದ್ದು.

ಹಾಗೆಂದು ಸಾರಿನೆನ್ನರನ್ನು ಹಗುರವಾಗಿ ಕಾಣಲಾಗದು. ಫಾಗ್ ಮಂದಿರಕ್ಕೆ ವೈದ್ಯನನ್ನು ಕರೆದದ್ದು ರೋಗ ಕಾಣಿಸಿಕೊಂಡ ಮೇಲೆ. ಇಲ್ಲಿ ಹೆರಿಗೆಗೆ ಮೊದಲೇ ವೈದ್ಯರು ಮನೆಯಲ್ಲಿದ್ದರು. ನನ್ನ ಕೊರತೆ ಬೇರೆ: ಮದ್ದು ಕೊಟ್ಟರು, ಆದರೆ ಅದನ್ನು ಮದ್ದಾಗಿಯೇ ಉಳಿಸಿದರು.

ಹಾಗಲ್ಲದೆ ಬೇರೆ ದಾರಿಯಿತ್ತೆ? ಇತ್ತು. ವೆನೆಜುವೆಲದ ಕರಾಕಸ್ ವಿಶ್ವವಿದ್ಯಾಲಯದಲ್ಲಿ ಕಾರ್ಲೋಸ್ ರಾವುಲ್ ವಿಯಾನ್ವೆವ 1953ರಲ್ಲಿ ಮುಗಿಸಿದ ಮಹಾಸಭಾಂಗಣದ ಚಿತ್ರಗಳನ್ನು ನೋಡಿರಿ. ಅಲ್ಲಿಯೂ ಕಟ್ಟಡದ ಆಕಾರ ದನಿಗೆ ತೊಡಕಾಗಿತ್ತು. ಅಲ್ಲಿಗೂ ಸಲಹೆಗಾರ ಅದೇ ನ್ಯೂಮನ್. ಆದರೆ ಫಲಕಗಳ ಆಕಾರವನ್ನೂ ಬಣ್ಣವನ್ನೂ ಶಿಲ್ಪಿ ಅಲೆಕ್ಸಾಂಡರ್ ಕಾಲ್ಡರ್ ಕೈಗೆ ಒಪ್ಪಿಸಿದರು. ಮೂವತ್ತರಷ್ಟು ಬಣ್ಣಬಣ್ಣದ ಮರದ ಮೋಡಗಳು ಮಾಡಿನ ಕೆಳಗೂ ಗೋಡೆಗಳ ಮೇಲೂ ತೇಲಿದುವು. ಇಂದು ಆ ಸಭಾಂಗಣವೆಂದರೆ ಆ ಮೋಡಗಳೇ. 2000ದಲ್ಲಿ ಯುನೆಸ್ಕೋ ಆ ವಿದ್ಯಾನಗರವನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಅಲ್ಲಿ ಕೊರತೆಯನ್ನು ತುಂಬಿದ ವಸ್ತುವೇ ಕಟ್ಟಡದ ಆತ್ಮವಾಯಿತು. ಕೇಂಬ್ರಿಜಿನಲ್ಲಿ ಅದು ಇನ್ನೂ ಸೇವಕನಂತೆ ನಿಂತಿದೆ. ಯಜಮಾನ ಹೊರಗೆ ಬಿಸಿಲು ಕಾಯಿಸುತ್ತಿದ್ದಾನೆ.

ಊರು ಬಿಡುವ ಮುನ್ನ ಮತ್ತೊಮ್ಮೆ ಕ್ರೆಸ್ಗೆಗೆ ಹೋದೆ. ಗುಮ್ಮಟ ಎಂದಿನಂತೆ ಚೆಲುವಾಗಿಯೇ ಇತ್ತು. ಚಿತ್ರ ತೆಗೆಯುವವರು ಎಂದಿನಂತೆ ಅದರ ಸುತ್ತ ನೆರೆದಿದ್ದರು. ಒಳಗೆ ಯಾರೋ ಹುಡುಗಿ ಒಬ್ಬಳೇ ಪಿಯಾನೋ ಅಭ್ಯಾಸ ಮಾಡುತ್ತಿದ್ದಳು. ಬಾಗಿಲ ಬಳಿಯ ಆಸನದಲ್ಲಿ ಕುಳಿತು ಕಣ್ಣು ಮುಚ್ಚಿದೆ. ಒಂದೊಂದು ಸ್ವರವೂ ಬಿಡಿಸಿಟ್ಟಂತೆ ನನ್ನ ಬಳಿಗೆ ಬಂತು. ಹೊರಗೆ ಬರುವಾಗ, ಯಾರೂ ಚಿತ್ರ ತೆಗೆಯದ ಆ ಮೋಡಗಳತ್ತ ತಲೆಯೆತ್ತಿ ನೋಡಿ, ಮನಸ್ಸಿನಲ್ಲೇ ಕೈ ಮುಗಿದೆ.