ಭಯ ಹಾಕಿಕೊಟ್ಟ ಗುರಿ

2025ರ ಜೂನ್‌ನಲ್ಲಿ ಹಾಸನ ಜಿಲ್ಲೆಯವರಿಗೆ ಎದೆ ಸ್ವಲ್ಪ ಹಿಡಿದರೂ ಜೀವವೇ ಹೋದಂತಾಗುತ್ತಿತ್ತು. ಸುಮಾರು 40 ದಿನಗಳಲ್ಲಿ 20ಕ್ಕೂ ಹೆಚ್ಚು ಮಂದಿ ಹೃದಯಾಘಾತದಿಂದ ತೀರಿಕೊಂಡರು, ಅವರಲ್ಲಿ ಎಳೆಯ ವಯಸ್ಸಿನವರೂ ಇದ್ದರು ಎಂಬ ಸುದ್ದಿ ಹಬ್ಬಿತು. ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಬೆಳ್ಳಂಬೆಳಿಗ್ಗೆ ಸಾಲು ಬೆಳೆಯಿತು. ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದ ತಜ್ಞರ ಸಮಿತಿ 24 ಸಾವುಗಳನ್ನು ಪರಿಶೀಲಿಸಿ, 20 ಸಾವುಗಳು ಹೃದಯಕ್ಕೆ ಸಂಬಂಧಿಸಿದವು, ಆದರೆ ಜಿಲ್ಲೆಯಲ್ಲಿ ಅಸಹಜ ಏರಿಕೆಯೇನೂ ಇಲ್ಲ ಎಂದು ಜುಲೈನಲ್ಲಿ ವರದಿ ಕೊಟ್ಟಿತು. ಸುದ್ದಿ ತಣ್ಣಗಾಯಿತು. ಆ ಭಯದಲ್ಲಿ ಜನ ತೊಟ್ಟ ಆರೋಗ್ಯದ ಪಣಗಳನ್ನು ಈಗ ಒರೆಗೆ ಹಚ್ಚಿ ನೋಡಬಹುದು.

ಭಯದಿಂದ ಒಳ್ಳೆಯದೂ ಆಯಿತು. ಎಂದೂ ಬಿಪಿ ನೋಡಿಸದವರು ತೋಳು ಚಾಚಿದರು. ಆದರೆ ಇಸಿಜಿ ಸರಿಯಿದೆ ಎಂದ ಕೂಡಲೇ ಅದನ್ನು ಪಾಸಾದ ಸರ್ಟಿಫಿಕೇಟಿನಂತೆ ಎತ್ತಿಟ್ಟು ಹಳೆಯ ದಾರಿ ಹಿಡಿದವರೂ ಉಂಟು. ಇಸಿಜಿ ಆ ಹೊತ್ತಿನ ಹೃದಯದ ಲಯವನ್ನು ಹೇಳುತ್ತದೆ. ಮುಂದಿನ ಹತ್ತು ವರ್ಷಕ್ಕೆ ಜಾಮೀನು ಕೊಡುವುದಿಲ್ಲ.

ಇನ್ನೊಂದು ಗುಂಪಿನದು ಇದಕ್ಕೆ ತದ್ವಿರುದ್ಧ: ನಾಳೆಯಿಂದಲೇ ದಿನಕ್ಕೆ ಹತ್ತು ಸಾವಿರ ಹೆಜ್ಜೆ, ತಿಂಗಳಿಗೆ ಹತ್ತು ಕೆಜಿ ಇಳಿಕೆ, ಮುದ್ದೆ-ಅನ್ನ ಪೂರ್ತಿ ಬಂದ್. ಹತ್ತು ಸಾವಿರದ ಲೆಕ್ಕ ಹುಟ್ಟಿದ್ದು ವೈದ್ಯರಿಂದಲ್ಲ. 1965ರಲ್ಲಿ ಜಪಾನಿನ ಕಂಪನಿಯೊಂದು ಹೆಜ್ಜೆ ಎಣಿಸುವ ಯಂತ್ರ ಮಾರಲು ಇಟ್ಟುಕೊಂಡ ಹೆಸರಿನಿಂದ. ವಿಶ್ವ ಆರೋಗ್ಯ ಸಂಸ್ಥೆ ಕೇಳುವುದು ವಾರಕ್ಕೆ ಕನಿಷ್ಠ 150 ನಿಮಿಷ, ಚುರುಕು ನಡಿಗೆಯಂಥ ಚಟುವಟಿಕೆ. 80 ಕೆಜಿ ತೂಗುವವರು ನಾಲ್ಕು ಕೆಜಿ ಇಳಿಸಿದರೂ ಬಿಪಿ, ಶುಗರ್‌ನಲ್ಲಿ ಗುಣ ಕಾಣುತ್ತದೆ. ವಾರಕ್ಕೆ ಅರ್ಧ ಕೆಜಿಯಂತೆ ಎರಡು ತಿಂಗಳ ಕೆಲಸ. ದೊಡ್ಡ ಗುರಿ ಹಾಕಿಕೊಂಡವರಿಗೆ ಇಷ್ಟು ಸಾಧಿಸಿದರೂ ಸೋತಂತೆಯೇ ಅನಿಸುತ್ತದೆ. ಈ ಪಣಗಳ ದೊಡ್ಡ ದೋಷವೇ ಅದು: ಬಂದ ಲಾಭವನ್ನೂ ಸೋಲಿನ ಖಾತೆಗೆ ಬರೆಯುತ್ತವೆ.

ಎರಡನೆಯ ದೋಷ, ಅವು ಊರಿನ ದಿನಚರಿಯನ್ನು ನೋಡುವುದೇ ಇಲ್ಲ. ಹೊಗೆಸೊಪ್ಪಿನ ನಾಟಿ ಕಾಲದಲ್ಲಿ ಅರಕಲಗೂಡಿನ ರೈತನಿಗೆ ವಾಕಿಂಗ್ ಮಾಡು ಎನ್ನುವುದು ತಮಾಷೆಯ ಮಾತು. ಇಡೀ ದಿನ ಗಾಡಿಯಲ್ಲೇ ಕೂರುವ ಚನ್ನರಾಯಪಟ್ಟಣದ ಆಟೊ ಚಾಲಕನ ಸಂಕಟ ಬೇರೆ. ಸಮಿತಿ ನೋಡಿದ ಮೃತರಲ್ಲೂ ಆಟೊ, ಕ್ಯಾಬ್ ಓಡಿಸುವವರು ಹಲವರಿದ್ದರು. ಹೊಳೆನರಸೀಪುರದ ಹಳ್ಳಿಗಳಲ್ಲಿ ಎರಡು ಹೊತ್ತೂ ಡೇರಿಗೆ ಹಾಲು ಹಾಕಲೇಬೇಕು. ಡೇರಿ ಮುಕ್ಕಾಲು ಕಿಲೋಮೀಟರ್ ದೂರವಿದ್ದರೆ, ಬೈಕ್ ಬಿಟ್ಟು ಕ್ಯಾನ್ ಹಿಡಿದು ಚುರುಕಾಗಿ ಹೋಗಿಬರಲು ಕಾಲು ಗಂಟೆ ಸಾಕು. ಎರಡು ಹೊತ್ತಿಗೆ ಅರ್ಧ ಗಂಟೆ, ಐದು ದಿನಕ್ಕೆ 150 ನಿಮಿಷ. ಜಿಮ್ಮಿನ ಫೀಸಿಲ್ಲ, ಬೇರೆ ಹೊತ್ತು ಹುಡುಕಬೇಕಿಲ್ಲ, ತಪ್ಪಿಸಿಕೊಳ್ಳಲು ನೆಪವೂ ಇಲ್ಲ.

ಅಡುಗೆಮನೆಯ ಗುರಿಯೂ ಹೀಗೆ ಅಳತೆಗೆ ಸಿಗುವಂತಿರಬೇಕು. "ಉಪ್ಪು ಕಡಿಮೆ ಮಾಡ್ತೀವಿ" ಎಂದರೆ ಯಾರಿಗೂ ಲೆಕ್ಕ ಸಿಗದು. ಒಬ್ಬರಿಗೆ ದಿನಕ್ಕೆ ಐದು ಗ್ರಾಂ ಮೀರಬಾರದು ಎಂಬ ಮಿತಿಯಂತೆ ನಾಲ್ಕು ಜನರ ಮನೆಗೆ ಒಂದು ಕೆಜಿ ಉಪ್ಪು 50 ದಿನ ಬರಬೇಕು. ಪೊಟ್ಟಣ ಒಡೆದ ತಾರೀಕನ್ನು ಅದರ ಮೇಲೇ ಬರೆದಿಟ್ಟರೆ ಸಾಕು, ಸತ್ಯ ತಾನಾಗಿ ಹೊರಬೀಳುತ್ತದೆ. ಬೇಕರಿ ತಿಂಡಿ, ಹೋಟೆಲ್ ಊಟದ ಉಪ್ಪು ಇದರ ಮೇಲೆ. ಮುದ್ದೆಯನ್ನು ಗಡೀಪಾರು ಮಾಡಬೇಕಿಲ್ಲ. ಗಾತ್ರ ಇಳಿಸಿ, ಬಸ್ಸಾರಿನ ಸೊಪ್ಪು-ಕಾಳಿನ ಪಲ್ಯ ಹೆಚ್ಚಿಸಿದರೆ ತಟ್ಟೆ ತಾನೇ ಸುಧಾರಿಸುತ್ತದೆ.

ಹಾಗೆಂದು ಎಲ್ಲದಕ್ಕೂ "ಸ್ವಲ್ಪ ಸ್ವಲ್ಪ" ಎಂಬ ಮಂತ್ರ ಸಲ್ಲದು. ಸಿಗರೇಟಿಗೆ ಬೇಕಾದ ಹೊಗೆಸೊಪ್ಪು ಬೆಳೆಯುವ, ರಾಮನಾಥಪುರದಲ್ಲಿ ಅದನ್ನು ಹರಾಜಿಗಿಡುವ ಸೀಮೆಯಲ್ಲಿ ಈ ಮಾತು ಕಹಿಯಾದೀತು, ಆದರೂ ಹೇಳಲೇಬೇಕು: ದಿನಕ್ಕೆ ಹತ್ತು ಬೀಡಿಯನ್ನು ಐದಕ್ಕೆ ಇಳಿಸಿದವನ ಹೃದಯದ ಅಪಾಯ ಅರ್ಧಕ್ಕೆ ಇಳಿಯುವುದಿಲ್ಲ. ಅಲ್ಲಿ ಪೂರ್ತಿ ಬಿಡುವುದೇ ಗುರಿ. ಬಿಡಲು ನೆರವು ಬೇಕಾದವರಿಗೆ 1800-112-356 ಎಂಬ ಉಚಿತ ರಾಷ್ಟ್ರೀಯ ಸಹಾಯವಾಣಿ ಇದೆ. ಬಿಪಿ ಮಾತ್ರೆಯನ್ನೂ ಮನಸ್ಸು ಬಂದಾಗ ನುಂಗುವಂತಿಲ್ಲ.

ಅಭ್ಯಾಸ ಮೈಗೂಡಲು ಕಾಲವೂ ಬೇಕು. 2010ರಲ್ಲಿ ಪ್ರಕಟವಾದ ಲಂಡನ್ನಿನ ಅಧ್ಯಯನವೊಂದರಲ್ಲಿ ಸರಾಸರಿ 66 ದಿನ ಹಿಡಿಯಿತು. ಕೆಲವರಿಗೆ 18 ದಿನ, ಕೆಲವರಿಗೆ 254. ನಡುವೆ ಒಂದು ದಿನ ತಪ್ಪಿದ್ದರಿಂದ ಕೆಲಸವೇನೂ ಕೆಡಲಿಲ್ಲ. ಬೀಗರೂಟದಲ್ಲಿ ಒಂದು ಹೊತ್ತು ಹೆಚ್ಚು ಉಂಡವರು ಎಲ್ಲವನ್ನೂ ಕೈಬಿಡಬೇಕಿಲ್ಲ.

ಭಯ ಜನರನ್ನು ಆಸ್ಪತ್ರೆಯ ಬಾಗಿಲಿಗೆ ತಂದಿತು, ಅಷ್ಟಕ್ಕೆ ಅದರ ಕೆಲಸ ಮುಗಿಯಿತು. ಮೂವತ್ತು ದಾಟಿದವರು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಬಿಪಿ, ಶುಗರ್ ನೋಡಿಸಿ, ಬಂದ ಅಂಕಿಗೆ ತಕ್ಕ ಒಂದೇ ಒಂದು ಗುರಿ ಹಾಕಿಕೊಳ್ಳಲಿ. ಮೂರು ತಿಂಗಳು ಬಿಟ್ಟು ಅಲ್ಲೇ ಮತ್ತೆ ನೋಡಿಸಲಿ. ಎರಡನೆಯ ಗುರಿಯ ಮಾತು ಆಮೇಲೆ.